ಆಕ್ಟೇವಿಯಾ ಆರ್‌ಎಸ್‌ಗೆ ಹೊಸ ಟೈರು: ರಸ್ತೆ ಹಿಡಿತವೋ, ಹಿಂದಿನ ಸೀಟಿನ ನಿದ್ದೆಯೋ?

ಕೆಂಪು_ಆರ್‌ಎಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಕಾರು. ಎರಡು ಲೀಟರಿನ ಟರ್ಬೊ ಪೆಟ್ರೋಲ್, 370 ನ್ಯೂಟನ್ ಮೀಟರ್ ಟಾರ್ಕ್, ಅಷ್ಟೂ ಮುಂದಿನ ಎರಡೇ ಚಕ್ರಕ್ಕೆ. ವಾರದ ದಿನಗಳಲ್ಲಿ ಇದು ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ. ರಜೆ ಬಂದರೆ ಐದು ಜನ, ಡಿಕ್ಕಿ ತುಂಬ ಸಾಮಾನು, ದೂರದ ಹೆದ್ದಾರಿ. ಅಪರೂಪಕ್ಕೆ ಬೆಳಗಿನ ಜಾವ ನಾನೊಬ್ಬಳೇ ತಿರುವುಗಳಿರುವ ರಸ್ತೆ ಹುಡುಕಿಕೊಂಡು ಹೋಗುತ್ತೇನೆ. ಈ ಕಾರನ್ನೇ ಬೇಕೆಂದು ತೆಗೆದುಕೊಂಡದ್ದು ಆ ಸುಖಕ್ಕಾಗಿ, ಅದನ್ನು ಬಿಡುವ ಮನಸ್ಸಿಲ್ಲ.

ಟೈರಿನ ಸೈಜು 225/40 ಆರ್18 92ವೈ (ಅಗಲ 225 ಮಿ.ಮೀ., ಪಕ್ಕದ ಎತ್ತರ ಅದರ ಶೇ. 40, ರಿಮ್ 18 ಇಂಚು). ಗಾಡಿಯ ಜೊತೆ ಬಂದ ಟೈರುಗಳೇ ಇನ್ನೂ ಓಡುತ್ತಿವೆ. ಅಳತೆ ಹಿಡಿದು ನೋಡಿದರೆ ಮುಂದಿನವುಗಳ ಬಟನ್ (ನೆಲಕ್ಕೆ ತಾಗುವ ರಬ್ಬರಿನ ಉಬ್ಬು) ಮಧ್ಯದಲ್ಲಿ 2.5 ಮಿ.ಮೀ., ಹಿಂದಿನವುಗಳದ್ದು 4.5. ಪಕ್ಕದಲ್ಲಿ ಅಚ್ಚಾಗಿರುವ ತಯಾರಿಕೆಯ ನಾಲ್ಕಂಕಿ 3119. ಹಿಂದಿನ ಟೈರುಗಳ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸತೊಡಗಿವೆ. ಮಳೆಯಲ್ಲಿ ಸಿಗ್ನಲ್ ಬಿಟ್ಟ ಕೂಡಲೇ ಆಕ್ಸಿಲರೇಟರ್ ಸ್ವಲ್ಪ ಒತ್ತಿದರೂ ಮುಂದಿನ ಚಕ್ರ ಸುತ್ತುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗುತ್ತದೆ.

ಮನೆಯಲ್ಲಿ ಎರಡು ಪಕ್ಷ. ನನ್ನವರು ಹೇಳುವುದು, “ಈ ಸಲ ಮೆತ್ತಗಿನ ಕಂಫರ್ಟ್ ಟೈರು ಹಾಕಿಸೋಣ, ಹಿಂದೆ ಕೂತರೆ ಆ ಗುಂಯ್ ಶಬ್ದಕ್ಕೆ ತಲೆ ಚಿಟ್ಟು ಹಿಡಿಯುತ್ತೆ.” ಅತ್ತೆಗೆ ಸೊಂಟ ನೋವು, ಅವರ ಮತವೂ ಅದೇ. ನನಗೆ ಹಿಡಿತ ಮುಖ್ಯ. ನಾನು ಗುರುತು ಹಾಕಿಕೊಂಡಿರುವುದು ಮಿಶೆಲಿನ್ ಪೈಲಟ್ ಸ್ಪೋರ್ಟ್ 5, ಗುಡ್‌ಇಯರ್ ಈಗಲ್ ಎಫ್1 ಅಸಿಮೆಟ್ರಿಕ್ 6, ಕಾಂಟಿನೆಂಟಲ್ ಪ್ರೀಮಿಯಂಕಾಂಟ್ಯಾಕ್ಟ್ 7 ಮತ್ತು ಸ್ಪೋರ್ಟ್‌ಕಾಂಟ್ಯಾಕ್ಟ್ 7.

ಕೇಳಬೇಕಾದ್ದು ಇಷ್ಟು: ಈ ಬಳಕೆಗೆ ಯಾವ ದರ್ಜೆಯ ಟೈರು ಸರಿ? ಮುಂದಿನ ಎರಡನ್ನು ಮಾತ್ರ ಬದಲಿಸಿದರೆ ಸಾಕೇ? ಇದೇ ರಿಮ್‌ಗೆ 235 ಹಾಕಿಸಿದರೆ ಹಿಡಿತ ಹೆಚ್ಚುತ್ತದೆ ಎಂದು ಒಬ್ಬರು ಹೇಳಿದರು, ಹೌದೇ?


ನಾಲ್ಕನೇ_ಗೇರ್

ಮೇಡಂ, ಆರ್‌ಎಸ್ ಇಟ್ಟುಕೊಂಡು ಕಂಫರ್ಟ್ ಟೈರು ಹಾಕಿಸಬೇಡಿ. ಸ್ಪೋರ್ಟ್‌ಕಾಂಟ್ಯಾಕ್ಟ್ 7 ತಗೊಳ್ಳಿ, ಕಣ್ಣು ಮುಚ್ಚಿಕೊಂಡು. ಸ್ಟೇರಿಂಗ್ ತಿರುಗಿಸಿದ ಕ್ಷಣಕ್ಕೇ ಮೂತಿ ತಿರುಗುವುದು ಈ ದರ್ಜೆಯ ಟೈರಿನಲ್ಲಿ ಮಾತ್ರ. ಸವೆಯುವುದು ಬೇಗ, ನಿಜ. ಆದರೆ ಮುಂದಿನ ಚಕ್ರಕ್ಕೆ ಇಷ್ಟು ಟಾರ್ಕ್ ಹೋಗುವ ಗಾಡಿಯಲ್ಲಿ ಯಾವ ಟೈರೂ ಬಹಳ ಕಾಲ ಬಾಳುವುದಿಲ್ಲ.


ಅಲೈನ್‌ಮೆಂಟ್_ಪಿಟ್

ನಾನು ವೀಲ್ ಅಲೈನ್‌ಮೆಂಟ್ ಮತ್ತು ಟೈರು ಜೋಡಣೆ ಕೆಲಸದಲ್ಲಿರುವವನು. ಉದ್ದವಾಗಿ ಬರೆಯುತ್ತೇನೆ, ಏಕೆಂದರೆ ಐದು ಜನ ಕೂರುವ ಗಾಡಿ ಇದು.

ಮೇಡಂ, ಹೊಸ ಟೈರು ಆರಿಸುವ ಮುಂಚೆ ಹಳೆಯದನ್ನು ಓದಿ. ಮಧ್ಯದಲ್ಲಿ 2.5 ಎಂದಿರಿ. ಒಳ ಅಂಚಿನಲ್ಲಿ ಎಷ್ಟಿದೆ? ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿ, ಮುಂದಿನ ಟೈರಿನ ಒಳಭಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಹೆಚ್ಚು ಸವೆದಿದ್ದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ, ಇಲ್ಲವೇ ಚಕ್ರವನ್ನು ಗಾಡಿಗೆ ಹಿಡಿದಿಡುವ ಕಂಟ್ರೋಲ್ ಆರ್ಮ್‌ನ ಬುಶ್ (ರಬ್ಬರಿನ ಕೀಲು) ಸಡಿಲಾಗಿದೆ. ಅದನ್ನು ಸರಿ ಮಾಡದೆ ಎಷ್ಟು ಒಳ್ಳೆಯ ಟೈರು ಹಾಕಿಸಿದರೂ ಅದೂ ಹಾಗೇ ತಿಂದುಹೋಗುತ್ತದೆ. ಎರಡೂ ಅಂಚು ಸವೆದು ಮಧ್ಯ ಚೆನ್ನಾಗಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ ಗುರುತು. ಮಧ್ಯ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು.

ಈಗ ಹಿಂದಿನ ಟೈರು. ಅದರ ಒಳ ಅಂಚಿನ ಬಟನ್‌ಗಳ ಮೇಲೆ ಅಂಗೈ ಇಟ್ಟು, ಟೈರು ಉರುಳುವ ದಿಕ್ಕಿಗೆ ಒಮ್ಮೆ, ಅದರ ಎದುರಿಗೆ ಒಮ್ಮೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಕೈಗೆ ತಾಗಿದರೆ, ನಿಮ್ಮವರ ತಲೆ ಚಿಟ್ಟು ಹಿಡಿಸುತ್ತಿರುವ ಗುಂಯ್ ಶಬ್ದ ಅಲ್ಲಿಂದಲೇ ಬರುತ್ತಿರುವುದು. ಮುಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಹಿಂದಿನ ಟೈರಿಗೆ ಹಗುರ ಕೆಲಸ. ಮುಂದಕ್ಕೆ ಹಿಂದಕ್ಕೆ ಅದಲು ಬದಲು ಮಾಡದೆ ಬಿಟ್ಟರೆ ಹೀಗೆ ಹಲ್ಲು ಮೂಡುತ್ತವೆ. ವೀಲ್ ಬೇರಿಂಗ್ ಹೋಗಿದೆ ಎಂದುಕೊಂಡು ಬರುವ ಎಷ್ಟೋ ಗಾಡಿಗಳಲ್ಲಿ ಬೇರಿಂಗ್ ಗಟ್ಟಿಮುಟ್ಟಾಗಿರುತ್ತದೆ, ಸದ್ದು ಟೈರಿನದು. ಈ ಮಾತು ನಿಮಗೆ ಯಾಕೆ ಮುಖ್ಯ ಎಂದರೆ, ಸವೆದು ಹಲ್ಲು ಮೂಡಿದ ಹಳೇ ಟೈರಿನ ಸದ್ದನ್ನು ಕೇಳಿಕೊಂಡು ‘ಸ್ಪೋರ್ಟ್ ಟೈರು ಅಂದರೆ ಇಷ್ಟೇ’ ಎಂದು ತೀರ್ಮಾನಿಸಬಾರದು. ನಾಲ್ಕೂ ಹೊಸದಾದ ಮೇಲೆ, ಯಾವ ದರ್ಜೆಯದಾದರೂ ಸರಿ, ಈ ಸದ್ದು ಹೋಗುತ್ತದೆ.

ಎರಡು ಬದಲಿಸಿದರೆ ಸಾಕೇ ಎಂಬುದಕ್ಕೆ: ನಿಮ್ಮ ವಿಷಯದಲ್ಲಿ ಸಾಲದು. 3119 ಅಂದರೆ 2019ರ 31ನೇ ವಾರದ ಟೈರು. ರಬ್ಬರಿನ ವಯಸ್ಸಾಗಿದೆ, ಬಿರುಕು ಅದನ್ನೇ ಹೇಳುತ್ತಿದೆ. 4.5 ಮಿ.ಮೀ. ಉಳಿದಿದೆ ಎಂದು ಅದನ್ನು ಉಳಿಸಿಕೊಳ್ಳಬೇಡಿ. ಬೇರೆ ಯಾರಾದರೂ ಇದನ್ನು ಓದುತ್ತಿದ್ದು, ಅವರ ಹಿಂದಿನ ಟೈರು ನಿಜಕ್ಕೂ ಹೊಸದಾಗಿದ್ದು, ಎರಡೇ ಕೊಳ್ಳುವುದಾದರೆ, ಆ ಹೊಸ ಎರಡು ಹಿಂದಕ್ಕೆ ಹೋಗಬೇಕು. ಮುಂದಿನ ಚಕ್ರ ಎಳೆಯುವ ಗಾಡಿಯಾದರೂ ಸರಿ. ಅಂಗಡಿಯಲ್ಲಿ ನಿಂತು ಇದಕ್ಕೆ ವಾದಿಸುವವರು ಬಹಳ. ನೀರಿನ ಮೇಲೆ ಮುಂದಿನ ಟೈರು ಹಿಡಿತ ಬಿಟ್ಟರೆ ಗಾಡಿ ನೇರಕ್ಕೆ ಹೋಗುತ್ತದೆ, ಕಾಲು ಸಡಿಲಿಸಿದರೆ ಸಾಮಾನ್ಯ ಚಾಲಕನಿಗೂ ಹಿಡಿತ ಮರಳಿ ಸಿಗುತ್ತದೆ. ಹಿಂದಿನದು ಬಿಟ್ಟರೆ ಗಾಡಿ ತಿರುಗಿ ನಿಲ್ಲುತ್ತದೆ. ಅದನ್ನು ಸಂಭಾಳಿಸಲು ಚಾಲಕನಿಗೆ ಸಿಗುವ ಸಮಯ ತೀರಾ ಕಡಿಮೆ.

ದರ್ಜೆಗೆ ಬರೋಣ. ಐದು ಜನ, ಸಾಮಾನು ಸೇರಿ ನಿಮ್ಮ ಗಾಡಿ 1,900 ಕಿಲೋ ಆಸುಪಾಸು ತೂಗಿತು ಎಂದುಕೊಳ್ಳಿ. ಟೈರಿನಲ್ಲಿ 36 ಪಿಎಸ್‌ಐ ಗಾಳಿ. ತೂಕವನ್ನು ಒತ್ತಡದಿಂದ ಭಾಗಿಸಿದರೆ ನಾಲ್ಕೂ ಟೈರು ಸೇರಿ ನೆಲಕ್ಕೆ ತಾಗುವ ಜಾಗ ಸುಮಾರು 750 ಚದರ ಸೆಂಟಿಮೀಟರ್. ಒಂದು ಎ4 ಹಾಳೆಗಿಂತ ತುಸು ದೊಡ್ಡದು. ನಿಮ್ಮ ಬ್ರೇಕು, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ, ಮುಂದಿನ ಡಿಫರೆನ್ಷಿಯಲ್‌ನ ಎಲೆಕ್ಟ್ರಾನಿಕ್ ಲಾಕ್, ಇವೆಲ್ಲ ಕೆಲಸ ಮಾಡುವುದು ಅಷ್ಟು ಜಾಗದ ರಬ್ಬರು ಬಿಟ್ಟುಕೊಟ್ಟಷ್ಟು ಮಾತ್ರ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಟೈರು ಕೊಳ್ಳಲು ಬರುವವರಿಗೆಲ್ಲ ನಾನು ಹೇಳುವ ಲೆಕ್ಕ ಇದು. ಒಂದೇ ತರಹದ ಎರಡು ಗಾಡಿ, ಒದ್ದೆ ರಸ್ತೆ, ಎರಡೂ ಗಂಟೆಗೆ 100 ಕಿ.ಮೀ. ವೇಗದಿಂದ ಒಂದೇ ಜಾಗದಲ್ಲಿ ಬ್ರೇಕ್ ಒತ್ತುತ್ತವೆ. ಎರಡನೆಯದಕ್ಕೆ ನಿಲ್ಲಲು ಶೇ. 10ರಷ್ಟು ಹೆಚ್ಚು ದೂರ ಬೇಕು, ಅಷ್ಟೇ ವ್ಯತ್ಯಾಸ. ಮೊದಲನೆಯದು ನಿಂತ ಜಾಗಕ್ಕೆ ಬಂದಾಗ ಎರಡನೆಯದರ ವೇಗ ಎಷ್ಟಿರುತ್ತದೆ? ಐದೋ ಹತ್ತೋ ಅಲ್ಲ, 30 ಕಿ.ಮೀ. ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಇರುವುದರಿಂದ ಹೀಗಾಗುತ್ತದೆ. ಕೊನೆಯ ಕೆಲವು ಮೀಟರುಗಳಲ್ಲಿ ವೇಗ ಸರ್ರನೆ ಇಳಿಯುತ್ತದೆ, ಆ ಕೆಲವು ಮೀಟರು ಸಿಗದಿದ್ದರೆ ಡಿಕ್ಕಿ 30ರಲ್ಲಿ. ‘ಶೇ. 10 ತಾನೇ’ ಎಂದು ಯಾರೂ ಹೇಳಬಾರದು ಎಂಬುದು ನನ್ನ ಆಸೆ.

ಹಾಗಾಗಿ ನಿಮಗೆ ನನ್ನ ಸಲಹೆ, ಒದ್ದೆ ರಸ್ತೆಯ ಬ್ರೇಕಿಂಗ್ ಮೊದಲು, ಉಳಿದದ್ದೆಲ್ಲ ಆಮೇಲೆ. ಆ ಅಳತೆಗೆ ನಿಮ್ಮ ಪಟ್ಟಿಯ ಮೊದಲ ಮೂರೂ ಸರಿಯಾದ ದರ್ಜೆಯವು: ರಸ್ತೆಗೆಂದೇ ಮಾಡಿದ ಅಲ್ಟ್ರಾ ಹೈ ಪರ್ಫಾರ್ಮೆನ್ಸ್ ಟೈರು. ಪ್ರೀಮಿಯಂಕಾಂಟ್ಯಾಕ್ಟ್ 7 ಇವುಗಳಲ್ಲಿ ಸ್ವಲ್ಪ ಕಂಫರ್ಟ್ ಕಡೆಗೆ ವಾಲಿದ್ದು, ಪೈಲಟ್ ಸ್ಪೋರ್ಟ್ 5 ಸ್ವಲ್ಪ ಸ್ಟೇರಿಂಗ್ ಕಡೆಗೆ. ಸ್ಪೋರ್ಟ್‌ಕಾಂಟ್ಯಾಕ್ಟ್ 7 ಇನ್ನೊಂದು ಮೆಟ್ಟಿಲು ಮೇಲೆ. ನಾಲ್ಕನೇ_ಗೇರ್ ಅವರು ಹೇಳಿದ ಹಾಗೆ ಅದು ಅದ್ಭುತ ಟೈರೇ. ಆದರೆ ಆ ಮೆಟ್ಟಿಲಿನ ಲಾಭ ಕಾಣುವುದು ಟೈರು ಚೆನ್ನಾಗಿ ಬಿಸಿಯಾಗಿ, ತಿರುವಿನಲ್ಲಿ ಅಂಚಿಗೆ ತಳ್ಳಿದಾಗ. ಶಾಲೆಯ ಗೇಟಿನಿಂದ ಮನೆಗೆ ಬರುವ ದಾರಿಯಲ್ಲಿ ಸಿಗುವುದು ಸವೆತ ಮಾತ್ರ.

ಸೈಜಿನ ಕೊನೆಯಲ್ಲಿರುವ 92ವೈ ಬಗ್ಗೆ. 92 ಅಂದರೆ ಒಂದು ಟೈರು ಹೊರಬಲ್ಲ ಭಾರ 630 ಕಿಲೋ. ಇದೇ 225/40 ಆರ್18 ಸೈಜಿನಲ್ಲಿ 88 ಅಂಕಿಯದೂ ಬರುತ್ತದೆ, ಅದರ ಮಿತಿ 560. ನಾಲ್ಕು ಟೈರಿಗೆ 280 ಕಿಲೋ ವ್ಯತ್ಯಾಸ. ‘ಸೈಜು ಒಂದೇ ಅಲ್ವಾ’ ಎಂದು 88 ಕೊಟ್ಟರೆ ತಗೊಳ್ಳಬೇಡಿ. ವೈ ಅಂದರೆ 300 ಕಿ.ಮೀ. ವೇಗದ ಮಿತಿ, ಡಬ್ಲ್ಯು 270, ವಿ 240. ಆ ವೇಗದಲ್ಲಿ ಯಾರೂ ಓಡಿಸುವುದಿಲ್ಲ, ಆದರೂ ವಿ ನಿಮ್ಮ ಗಾಡಿಯ ಗರಿಷ್ಠ ವೇಗಕ್ಕಿಂತ ಕೆಳಗಾಯಿತು. ವೇಗದ ಅಕ್ಷರ ಶಾಖ ತಡೆಯುವ ಶಕ್ತಿಯ ಗುರುತೂ ಹೌದು. ಬೇಸಿಗೆಯ ಮಧ್ಯಾಹ್ನ ಗಾಡಿ ತುಂಬಿಕೊಂಡು ಗಂಟೆಗಟ್ಟಲೆ ಹೆದ್ದಾರಿಯಲ್ಲಿ ಹೋಗುವಾಗ ಆ ಶಕ್ತಿ ಬೇಕು.

235 ಬೇಡ. ನಿಮ್ಮ ರಿಮ್‌ನ ಮೇಲೆ 7.5ಜೆ (ಅಂದರೆ ಅಗಲ 7.5 ಇಂಚು) ಎಂದು ಅಚ್ಚಾಗಿದೆಯೇ ನೋಡಿ, ಬಹುಶಃ ಇರುತ್ತದೆ. 225/40 ಆರ್18ಕ್ಕೆ 7.5ರಿಂದ 9 ಇಂಚು ಅಗಲದ ರಿಮ್ ಆಗುತ್ತದೆ. 235/40 ಆರ್18ಕ್ಕೆ ಕನಿಷ್ಠ 8 ಬೇಕು. ಇಕ್ಕಟ್ಟಾದ ರಿಮ್‌ಗೆ ಅಗಲದ ಟೈರು ಕೂರಿಸಿದರೆ ಪಕ್ಕಗಳು ಹೊರಗೆ ಉಬ್ಬಿ ನಿಲ್ಲುತ್ತವೆ, ಸ್ಟೇರಿಂಗ್ ಚುರುಕು ಹೋಗುತ್ತದೆ. ಹಿಡಿತಕ್ಕೆಂದು ಹಾಕಿಸಿದ್ದು ಅದನ್ನೇ ಕಳೆಯುತ್ತದೆ.


ಹಿಂದಿನ_ಸೀಟು

ಪಿಟ್ ಸರ್ ಹೇಳಿದ್ದನ್ನು ಬಹುಪಾಲು ಒಪ್ಪುತ್ತೇನೆ, ಕಂಫರ್ಟ್ ಟೈರಿನ ಪರವಾಗಿಯೂ ಯಾರಾದರೂ ಮಾತಾಡಬೇಕಲ್ಲ. ನಾನೂ ಜೋರು ಓಡುವ ಎಸ್ಟೇಟ್ ಗಾಡಿ ಇಟ್ಟುಕೊಂಡಿದ್ದೇನೆ, ನಮ್ಮಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅದರಲ್ಲೇ. ಗಾಡಿಯಲ್ಲಿ ನೋವಿರುವವರು ಕೂತಾಗ ಪ್ರತಿ ಗುಂಡಿಯೂ ಚಾಲಕನ ಎದೆಗೆ ತಾಗುತ್ತದೆ. ಅತ್ತೆಯ ಸೊಂಟ ನೋವನ್ನು ಸಣ್ಣ ವಿಷಯ ಎಂದು ಪಕ್ಕಕ್ಕಿಡಬೇಡಿ.

ಯುರೋಪಿನಲ್ಲಿ ಟೈರುಗಳಿಗೆ ದರ್ಜೆ ಕೊಡುವ ಲೇಬಲ್‌ನಲ್ಲಿ ಒದ್ದೆ ಹಿಡಿತಕ್ಕೆ ‘ಎ’ ಪಡೆದ ಟೂರಿಂಗ್ (ಅಂದರೆ ಕಂಫರ್ಟ್) ಟೈರುಗಳು ಈಗ ಬೇಕಾದಷ್ಟಿವೆ. ‘ಬಿ’ ಪಡೆದ ಸ್ಪೋರ್ಟ್ ಟೈರೂ ಇದೆ. ಹಾಗಿದ್ದ ಮೇಲೆ ಕಂಫರ್ಟ್ ಎಂದರೆ ಹಿಡಿತ ಕಡಿಮೆ ಎಂದು ಹೇಗೆ ಹೇಳುವುದು?

ಇನ್ನೊಂದು ದಾರಿ ಇದೆ, ನಾನು ಹಿಡಿದದ್ದು ಅದನ್ನೇ. 17 ಇಂಚಿನ ರಿಮ್, 225/45 ಆರ್17. ಟೈರಿನ ಪಕ್ಕದ ಎತ್ತರ 90 ಮಿ.ಮೀ. ಇದ್ದದ್ದು 101 ಆಗುತ್ತದೆ. ಒಟ್ಟು ವ್ಯಾಸ 637 ಮಿ.ಮೀ. ಬದಲು 634, ಸ್ಪೀಡೋಮೀಟರ್ ಲೆಕ್ಕ ಅರ್ಧ ಶೇಕಡವೂ ಬದಲಾಗುವುದಿಲ್ಲ. ಆ 11 ಮಿ.ಮೀ. ರಬ್ಬರು ಮತ್ತು ಗಾಳಿ ಗುಂಡಿಯ ಹೊಡೆತವನ್ನು ಎಷ್ಟು ನುಂಗುತ್ತದೆ ಎಂದರೆ, ಹಿಂದೆ ಕೂತವರು ತಾವಾಗಿಯೇ ಹೇಳಿದರು, ಕೇಳಬೇಕಾಗಿ ಬರಲಿಲ್ಲ. ರಿಮ್ ಬಾಗುವ ಭಯವೂ ಕಡಿಮೆ.


ಅಲೈನ್‌ಮೆಂಟ್_ಪಿಟ್

ಸರ್, 17 ಇಂಚಿನ ಸಲಹೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಮೆತ್ತನೆಯ ಸವಾರಿ ಬೇಕಿದ್ದರೆ ಟೈರಿನ ದರ್ಜೆ ಇಳಿಸುವ ಬದಲು ರಿಮ್ ಇಳಿಸಿ, ಅದೇ ಒಳ್ಳೆಯ ದರ್ಜೆಯ ಟೈರನ್ನು ಎತ್ತರದ ಪಕ್ಕದೊಂದಿಗೆ ಹಾಕಿಸುವುದು ಉತ್ತಮ. ಭಾರದ ಅಂಕಿ 91 ಇದ್ದರೆ 615 ಕಿಲೋ, 94 ಇದ್ದರೆ 670. ಒಂದೇ ಎಚ್ಚರಿಕೆ: ಆರ್‌ಎಸ್‌ನ ಮುಂದಿನ ಬ್ರೇಕ್ ದೊಡ್ಡದು. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ಗೂ ರಿಮ್‌ಗೂ ನಡುವೆ ಜಾಗ ಉಳಿಯುತ್ತದೆಯೇ ಎಂದು ರಿಮ್ ಒಂದನ್ನು ಕೂರಿಸಿ, ಕೈಯಲ್ಲಿ ತಿರುಗಿಸಿ ನೋಡದೆ ಕೊಳ್ಳಬಾರದು.

ಲೇಬಲ್ ಬಗ್ಗೆ ಮಾತ್ರ ನನ್ನ ತಕರಾರು. ಅದರಲ್ಲಿ ‘ಎ’ ಇರುವ ಟೂರಿಂಗ್ ಟೈರು ಒಳ್ಳೆಯ ಟೈರೇ, ಅನುಮಾನ ಇಲ್ಲ. ಆದರೆ ಆ ಪರೀಕ್ಷೆ ಏನು ಅಳೆಯುತ್ತದೆ ಎಂದು ನೋಡಿ. ಹೊಸ ಟೈರು, ಒದ್ದೆ ಮಾಡಿದ ನೇರ ರಸ್ತೆ, ಗಂಟೆಗೆ 80 ಕಿ.ಮೀ.ನಿಂದ 20ರವರೆಗಿನ ಬ್ರೇಕಿಂಗ್. ತಿರುವಿನಲ್ಲಿ ಹಿಡಿತ ಎಷ್ಟು, ನಿಂತ ನೀರಿನ ಮೇಲೆ ಎಷ್ಟು ವೇಗಕ್ಕೆ ತೇಲುತ್ತದೆ, ಅರ್ಧ ಸವೆದ ಮೇಲೆ ಹೇಗೆ, ಇವು ಯಾವುವೂ ಅದರಲ್ಲಿಲ್ಲ. ಆರ್‌ಎಸ್‌ನಲ್ಲಿ ಎರಡೇ ಟೈರು ಏಕಕಾಲಕ್ಕೆ ಎಳೆಯಬೇಕು, ತಿರುಗಿಸಬೇಕು. ಅದಕ್ಕೆ ಪಕ್ಕಗೋಡೆಯ ಬಿಗಿ ಬೇಕಾಗುತ್ತದೆ.

ಅದೇ ಲೇಬಲ್‌ನಲ್ಲಿರುವ ಸದ್ದಿನ ಡೆಸಿಬಲ್ ಅಂಕಿಯೂ ಹಾಗೆಯೇ ತಪ್ಪು ದಾರಿಗೆ ಎಳೆಯುತ್ತದೆ. ಅದನ್ನು ಅಳೆಯುವುದು ರಸ್ತೆ ಬದಿಯಲ್ಲಿ ಮೈಕ್ ಇಟ್ಟು, ಎಂಜಿನ್ ಆರಿಸಿದ ಗಾಡಿಯನ್ನು ಅದರ ಮುಂದೆ ಹಾಯಿಸಿ. ಹಾದಿಯಲ್ಲಿ ನಿಂತವರಿಗೆ ಕೇಳುವ ಸದ್ದು ಅದು. ಒಳಗೆ ಕೂತವರಿಗೆ ಕೇಳುವುದು ಟೈರಿನ ಒಳಗಿನ ಗಾಳಿಯ ಗುನುಗು, ಗಾಡಿಯ ಮೈಯಿಂದ ಏರಿ ಬರುವ ನಡುಕ. ಒಳ್ಳೆಯ ಅಂಕಿಯ ಟೈರು ಒಳಗೆ ಗದ್ದಲ ಮಾಡುವುದೂ ಉಂಟು. ಕೆಲವು ಟೈರುಗಳ ಒಳಮೈಗೆ ಫೋಮ್ ಅಂಟಿಸಿರುತ್ತಾರೆ, ಅದು ಒಳಗಿನ ಗುನುಗನ್ನು ಚೆನ್ನಾಗಿ ತಗ್ಗಿಸುತ್ತದೆ. ಪಂಚರ್ ಹಾಕುವವರು ಆ ಜಾಗದ ಫೋಮ್ ಕೆತ್ತಿ ತೆಗೆದು ಪ್ಯಾಚ್ ಹಾಕಬೇಕು, ಅದು ಗೊತ್ತಿರುವವರ ಹತ್ತಿರ ಹೋಗಿ.


ಕೆಂಪು_ಆರ್‌ಎಸ್

ಎಲ್ಲರಿಗೂ ಥ್ಯಾಂಕ್ಸ್. ಟಾರ್ಚ್ ಹಿಡಿದು ನೋಡಿದೆ. ಮುಂದಿನ ಎಡ ಟೈರಿನ ಒಳ ಅಂಚಿನಲ್ಲಿ ಸವೆತದ ಗುರುತಿನ ದಿಮ್ಮಿಗೆ, ಅಂದರೆ 1.6 ಮಿ.ಮೀ.ಗೆ, ಬಟನ್ ಸಮವಾಗಿಬಿಟ್ಟಿದೆ. ಬಲಗಡೆ ಅಷ್ಟಿಲ್ಲ. ಹಿಂದಿನದರ ಮೇಲೆ ಕೈ ಸವರಿದೆ, ಗರಗಸ ಸ್ಪಷ್ಟವಾಗಿ ಸಿಕ್ಕಿತು. ನನ್ನವರನ್ನೂ ಕರೆದು ಮುಟ್ಟಿಸಿದೆ. “ಹಾಗಾದರೆ ಸದ್ದು ಇದರದ್ದಾ?” ಎಂದರು. ಅಲ್ಲಿಗೆ ಕಂಫರ್ಟ್ ಟೈರಿನ ಹಟ ಸಡಿಲಾಯಿತು. ರಿಮ್ 7.5ಜೆಯೇ.

17 ಇಂಚಿನ ಮಾತು ಅತ್ತೆಗೆ ಹೇಳಿದೆ, ಖುಷಿಯಾದರು. ಆದರೆ ನನಗೆ ಈ 18ರ ನೋಟ ಇಷ್ಟ, ಸ್ಟೇರಿಂಗ್ ಚುರುಕೂ ಇಷ್ಟ. ಮೊದಲು ಸರಿಯಾದ ಟೈರು, ಸರಿಯಾದ ಗಾಳಿ ಹಾಕಿ ಅವರನ್ನು ಕೂರಿಸಿ ನೋಡುತ್ತೇನೆ. ಆಗಲೂ ನೋವಾದರೆ 17ಕ್ಕೆ ಹೋಗುತ್ತೇನೆ, ಅದರಲ್ಲಿ ಎರಡನೇ ಮಾತಿಲ್ಲ.

ಇನ್ನೂ ಎರಡು ಸಂಶಯ. ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಎಂದು ಅಂಕಿ ಇರುತ್ತದಲ್ಲ, ಒಂದರಲ್ಲಿ 300ರ ಆಸುಪಾಸು, ಇನ್ನೊಂದರಲ್ಲಿ ಅದಕ್ಕಿಂತ ಬಹಳ ಹೆಚ್ಚು. ದುಪ್ಪಟ್ಟು ಅಂಕಿ ಎಂದರೆ ದುಪ್ಪಟ್ಟು ಬಾಳಿಕೆಯೇ? ಮತ್ತೆ ಗಾಳಿ ಎಷ್ಟಿಡಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.


ಅಲೈನ್‌ಮೆಂಟ್_ಪಿಟ್

ಎಡ ಮಾತ್ರ ಸವೆದಿದೆ ಎಂದರೆ ಆ ಕಡೆಯ ಬುಶ್ ಮತ್ತು ಟೈ ರಾಡ್ ಎಂಡ್ (ಸ್ಟೇರಿಂಗನ್ನು ಚಕ್ರಕ್ಕೆ ಸೇರಿಸುವ ಕೀಲು) ಅಲುಗಿಸಿ ನೋಡದೆ ಅಲೈನ್‌ಮೆಂಟ್ ಮಾಡಿಸಬೇಡಿ. ಸಡಿಲ ಬುಶ್ ಇಟ್ಟುಕೊಂಡು ಮಾಡಿದ ಅಲೈನ್‌ಮೆಂಟ್ ಗಾಡಿ ನಿಂತಿರುವಾಗ ಮಾತ್ರ ಸರಿ. ಓಡುವಾಗ ಚಕ್ರ ತನ್ನ ಪಾಡಿಗೆ ತಾನು ತಿರುಗಿಕೊಳ್ಳುತ್ತದೆ. ಮತ್ತೆ, ಮುಂದಿನ ಎರಡು ಚಕ್ರಕ್ಕೆ ಮಾತ್ರ ಅಲೈನ್‌ಮೆಂಟ್ ಮಾಡಿ ಕಳಿಸುವವರಿದ್ದಾರೆ. ಆರ್‌ಎಸ್‌ನ ಹಿಂದಿನ ಸಸ್ಪೆನ್ಷನ್ ಮಲ್ಟಿ ಲಿಂಕ್, ಅಲ್ಲೂ ಟೋ ಮತ್ತು ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಹೊಂದಿಸಬಹುದು. ನಾಲ್ಕೂ ಚಕ್ರಕ್ಕೆ ಸೆನ್ಸರ್ ಕಟ್ಟಿ ಮಾಡಿಸಿ, ಮುಂಚಿನ ಮತ್ತು ನಂತರದ ಅಂಕಿಗಳಿರುವ ಪ್ರಿಂಟ್ ಕೇಳಿ ಇಸಿದುಕೊಳ್ಳಿ. ಹಿಂದೆ ಗರಗಸ ಮೂಡಿದ್ದಕ್ಕೆ ಅರ್ಧ ಉತ್ತರ ಆ ಕಾಗದದಲ್ಲೇ ಸಿಗಬಹುದು.

ಟ್ರೆಡ್‌ವೇರ್ ಅಂಕಿ ಅಮೆರಿಕದ ಪದ್ಧತಿ. ಟೆಕ್ಸಸ್‌ನಲ್ಲಿ ಗೊತ್ತು ಮಾಡಿದ ರಸ್ತೆಯಲ್ಲಿ 7,200 ಮೈಲಿ, ಸುಮಾರು 11,600 ಕಿ.ಮೀ. ಓಡಿಸಿ, ಒಂದು ಮಾದರಿ ಟೈರಿನ ಸವೆತಕ್ಕೆ ಹೋಲಿಸಿ, ಅಲ್ಲಿಂದ ಮುಂದಿನದನ್ನು ಲೆಕ್ಕ ಹಾಕಿ ಕಂಪನಿಯೇ ಅಂಕಿ ಕೊಡುತ್ತದೆ. ಹಾಗಾಗಿ ಒಂದೇ ಕಂಪನಿಯ ಎರಡು ಟೈರು ಹೋಲಿಸಲು ಅದು ಪರವಾಗಿಲ್ಲ. ಎರಡು ಬೇರೆ ಕಂಪನಿಗಳ ನಡುವೆ ಅದನ್ನು ನಂಬಿ ಕೊಳ್ಳಬೇಡಿ. ಅದರ ಪಕ್ಕದಲ್ಲೇ ಟ್ರ್ಯಾಕ್ಷನ್ ಎಂದು ಎಎ, ಎ ಎಂದೆಲ್ಲ ಇರುತ್ತದೆ. ಅದೂ ಒದ್ದೆ ನೆಲದಲ್ಲಿ ನೇರ ಬ್ರೇಕಿಂಗ್ ಮಾತ್ರ, ತಿರುವು ಇಲ್ಲ. ನಿಮ್ಮ ಗಾಡಿಯಲ್ಲಿ ಬಾಳಿಕೆ ತೀರ್ಮಾನ ಮಾಡುವುದು ಅಂಕಿಗಿಂತ ಟೋ, ಗಾಳಿ, ಮತ್ತು ಸಿಗ್ನಲ್‌ನಲ್ಲಿ ನಿಮ್ಮ ಬಲಗಾಲು.

ಗಾಳಿ ಬಗ್ಗೆ ಒಬ್ಬೊಬ್ಬರ ಮಾತು ಬೇಕಿಲ್ಲ. ಪೆಟ್ರೋಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಚೀಟಿ ಅಂಟಿಸಿದೆ. ಅದರಲ್ಲಿ ಕಡಿಮೆ ಭಾರಕ್ಕೆ ಒಂದು, ಪೂರ್ತಿ ಭಾರಕ್ಕೆ ಇನ್ನೊಂದು ಅಂಕಿ ಇರುತ್ತದೆ. ವಾರದ ದಿನಗಳಿಗೆ ಮೊದಲನೆಯದು, ಐದು ಜನ ಸಾಮಾನು ಸಮೇತ ಹೊರಟಾಗ ಎರಡನೆಯದು. ಇದು ನಿಮಗೆ ವಿಶೇಷವಾಗಿ ಯಾಕೆ ಬೇಕು ಎಂದರೆ, ನಿಮ್ಮ 92 ಅಂಕಿಯದು ಎಕ್ಸ್‌ಎಲ್ (ಹೆಚ್ಚು ಭಾರ ಹೊರಲು ಮಾಡಿದ) ಟೈರು. ಅದು ಪೂರ್ತಿ 630 ಕಿಲೋ ಹೊರುವುದು 42 ಪಿಎಸ್‌ಐ ಗಾಳಿ ಇದ್ದಾಗ. ಗಾಳಿ ಕಡಿಮೆ ಇದ್ದರೆ ಎಕ್ಸ್‌ಎಲ್ ಎಂಬ ಅಕ್ಷರ ಭಾರ ಹೊರುವುದಿಲ್ಲ. ಹಾಗೆಂದು ಒಬ್ಬರೇ ಓಡಾಡುವಾಗಲೂ 42 ತುಂಬಿಸಿದರೆ ಗಾಡಿ ಕುಣಿಯುತ್ತದೆ, ಅತ್ತೆ ಮತ್ತೆ ಸೊಂಟ ಹಿಡಿದುಕೊಳ್ಳುತ್ತಾರೆ. ಅಳತೆ ನೋಡುವುದು ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರು ತಣ್ಣಗಿರುವಾಗ. ಐದೂವರೆ ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಓಡಿ ಬಂದ ಬಿಸಿ ಟೈರಿನಿಂದ ಗಾಳಿ ಬಿಡಿಸಬೇಡಿ.


ನಾಲ್ಕನೇ_ಗೇರ್

ಪಿಟ್ ಸರ್ ಲೆಕ್ಕ ಓದಿದ ಮೇಲೆ ನನ್ನ ಮಾತಿಗೆ ಒಂದು ಸೇರಿಸುತ್ತೇನೆ. ಮೇಡಂ ಗಾಡಿಯಲ್ಲಿ ಮಕ್ಕಳಿರುವ ದಿನಗಳೇ ಹೆಚ್ಚು, ಹಾಗಾಗಿ ಮೊದಲ ಮೂರರಲ್ಲಿ ಒಂದು ತಗೊಂಡರೆ ನಾನೂ ಆಕ್ಷೇಪ ಮಾಡುವುದಿಲ್ಲ. ನಾಲ್ಕೂ ಒಂದೇ ಮಾಡೆಲ್ ಇರಲಿ, ಮುಂದೆ ಒಂದು ಕಂಪನಿ ಹಿಂದೆ ಒಂದು ಕಂಪನಿ ಬೇಡವೇ ಬೇಡ.


ಕೆಂಪು_ಆರ್‌ಎಸ್

ತೀರ್ಮಾನ ಆಯಿತು. ಪೈಲಟ್ ಸ್ಪೋರ್ಟ್ 5, ನಾಲ್ಕು, 92ವೈ ಎಕ್ಸ್‌ಎಲ್. ಎಡಗಡೆ ಕಂಟ್ರೋಲ್ ಆರ್ಮ್‌ನ ಬುಶ್ ಸೀಳಿತ್ತು, ಎರಡೂ ಬದಿಯದನ್ನು ಬದಲಿಸಲು ಹೇಳಿದ್ದೇನೆ. ಅದಾದ ಮೇಲೆ ಟೈರು, ಅದೇ ದಿನ ನಾಲ್ಕೂ ಚಕ್ರದ ಅಲೈನ್‌ಮೆಂಟ್. ಹಾಕಿಸುವಾಗ ನಾನು ಅಲ್ಲೇ ನಿಂತಿರುತ್ತೇನೆ. ಏನೇನು ನೋಡಬೇಕು?


ಅಲೈನ್‌ಮೆಂಟ್_ಪಿಟ್

ನಾಲ್ಕೂ ಟೈರಿನ ತಯಾರಿಕೆಯ ಅಂಕಿ ರಿಮ್‌ಗೆ ಏರಿಸುವ ಮುಂಚೆಯೇ ಓದಿ. ಕೆಲವು ವಾರ ಆಚೀಚೆ ಇದ್ದರೆ ಚಿಂತೆಯಿಲ್ಲ, ವರ್ಷಗಳ ವ್ಯತ್ಯಾಸ ಇರಬಾರದು. ಇದು ಒಳ–ಹೊರ ಬೇರೆ ಬೇರೆ ವಿನ್ಯಾಸದ ಟೈರು. ಪಕ್ಕದಲ್ಲಿ ಔಟ್‌ಸೈಡ್ ಎಂದು ಅಚ್ಚಾಗಿರುತ್ತದೆ, ನಾಲ್ಕೂ ಚಕ್ರದಲ್ಲಿ ಆ ಅಕ್ಷರ ಹೊರಗೆ ನಿಂತವರಿಗೆ ಕಾಣಬೇಕು. ಒಳಗೆ ಹೋಗಿದ್ದರೆ ಬಿಚ್ಚಿಸಿ ತಿರುಗಿ ಹಾಕಿಸಿ, ಸಂಕೋಚ ಬೇಡ. ಹಳೆಯ ವಾಲ್ವ್ ಉಳಿಸಿಕೊಳ್ಳಬೇಡಿ, ಹೊಸದು ಹಾಕಿಸಿ. ವೀಲ್ ಬೋಲ್ಟ್‌ಗಳನ್ನು ಗಾಳಿ ಗನ್ನಿನಿಂದ ಬಿಗಿದು ಬಿಡಬಾರದು, ಕೊನೆಗೆ ಟಾರ್ಕ್ ರೆಂಚ್‌ನಲ್ಲಿ 120 ನ್ಯೂಟನ್ ಮೀಟರ್‌ಗೆ ನಿಲ್ಲಿಸಬೇಕು.

ಗಾಳಿ ಸರಿ ಮಾಡಿದ ಮೇಲೆ ಕಾರಿನ ಸ್ಕ್ರೀನಿನಲ್ಲಿ ಟೈರ್ ಪ್ರೆಷರ್ ಮೌಲ್ಯ ಹೊಸದಾಗಿ ಸೇವ್ ಮಾಡಿ. ನಿಮ್ಮ ಗಾಡಿಯ ಟೈರಿನೊಳಗೆ ಸೆನ್ಸರ್ ಇಲ್ಲ. ಅದು ಎಬಿಎಸ್ ಮೂಲಕ ಚಕ್ರ ಸುತ್ತುವ ವೇಗ ಹೋಲಿಸಿ ಊಹಿಸುತ್ತದೆ. ಸೇವ್ ಮಾಡದಿದ್ದರೆ ಹಳೇ ಸವೆದ ಟೈರಿನ ಸುತ್ತಳತೆಯನ್ನೇ ನೆನಪಿಟ್ಟುಕೊಂಡು ಸುಳ್ಳು ಎಚ್ಚರಿಕೆ ಕೊಡುತ್ತದೆ. ಮೊದಲ ಕೆಲವು ನೂರು ಕಿ.ಮೀ. ಗಟ್ಟಿ ಬ್ರೇಕು, ಜೋರು ತಿರುವು ಬೇಡ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಮೇಲ್ಮೈಯಲ್ಲಿ ಉಳಿದಿರುತ್ತದೆ. ಮಳೆ ಬಂದರೆ ಇನ್ನೂ ಹುಷಾರು. ಅದೇ ಸುಮಾರಿಗೆ ಬೋಲ್ಟ್‌ಗಳನ್ನು ಇನ್ನೊಮ್ಮೆ ರೆಂಚ್ ಹಾಕಿ ನೋಡಿಸಿ. ಮುಂದೆ ಪ್ರತಿ 8,000 ಕಿ.ಮೀ. ಹೊತ್ತಿಗೆ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಗರಗಸ ಮೂಡುತ್ತಿದೆಯೇ ಎಂದು ಆಗೆಲ್ಲ ಕೈ ಸವರಿ ನೋಡಿ.

ಅಲೈನ್‌ಮೆಂಟ್ ಪ್ರಿಂಟ್ ಇಲ್ಲಿ ಹಾಕಿದರೆ ಹಿಂದಿನ ಟೋ ಅಂಕಿ ನಾನೂ ಒಮ್ಮೆ ನೋಡುತ್ತೇನೆ.